ಪರದೆ ಮಸುಕಿದ್ದ ದಿನ ಅಳಿವೆಗೆ ಬರಬೇಡ

ತಂಗೀ, ನಿನ್ನ ವಾಯ್ಸ್ ಈಗ ಕೇಳಿದೆ. ಸ್ಯಾಂಕಿ ಕೆರೆ ಹತ್ತಿರ ವಾಕಿಂಗಿಗೆ ಬಂದವ ಅಲ್ಲೇ ಬೆಂಚಿನ ಮೇಲೆ ಕೂತು ಎರಡು ಸಲ ಕೇಳಿದೆ. ಹಿಂದೆ ಬಸ್ಸಿನ ಹಾರನ್ ಬಂದರೆ ಸುಧಾರಿಸಿಕೊಳ್ಳಿ. ಹೊಸ ದೋಣಿಯ ಫಿಶ್ ಫೈಂಡರ್, ಅದೇ ಮೀನು, ನೀರಿನ ಆಳ ತೋರಿಸುವ ಯಂತ್ರ, ಮೂರು ದಿನದಿಂದ ಸರಿ ಕಾಣುವುದಿಲ್ಲ, ಪರದೆ ತುಂಬ ಬರೀ ಚುಕ್ಕಿ, ಎಂಜಿನ್ ಜೋರು ಮಾಡಿದರೆ ತಳದ ಗೆರೆಯೇ ಮಾಯ, ಹುಡುಗ ಅದನ್ನೇ ನಂಬಿ ರಾತ್ರಿ ಹೋಗ್ತಾನೆ, ನನಗೆ ನಿದ್ದೆ ಇಲ್ಲ ಅಂದೆ. ನನಗೂ ಇವತ್ತು ಬರುವುದಿಲ್ಲ.

ಮಗಾ, ನೀನು ಕೇಳಿಸಿಕೋ. ರಿಪೇರಿ ಮಾತು ಆಮೇಲೆ. ಪರದೆ ಮಸುಕಿದ್ದ ದಿನ ಕತ್ತಲೆಯಲ್ಲಿ ಅಳಿವೆಗೆ ಬರಬೇಡ. ಬೆಳಕು ಹರಿಯುವ ತನಕ ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲು. ಮೀನು ಹಾಳಾದರೆ ಆಗಲಿ.

ನಮ್ಮ ಗಂಗೊಳ್ಳಿ ಅಳಿವೆ ನಿನಗೆ ಹೇಳಿಕೊಡುವುದು ಎಂತದ್ದು, ಐದು ಹೊಳೆ ಬಂದು ಸೇರುವ ಬಾಯಿ. ಒಂದು ಮಳೆಗಾಲ ಕಳೆದರೆ ಮರಳು ಎಲ್ಲಿದ್ದದ್ದು ಎಲ್ಲಿಗೆ ಹೋಗಿರ್ತದೋ ಯಾರಿಗೂ ಗೊತ್ತಿರುವುದಿಲ್ಲ. ನಿನ್ನ ಅಪ್ಪನ ಎಡಗೈ ಹೆಗಲಿಂದ ಮೇಲೆ ಏಳುವುದಿಲ್ಲವಲ್ಲ, ಅದು ಯಾಕೆ ಅಂತ ನಿನಗೆ ಪೂರ್ತಿ ಯಾರೂ ಹೇಳಿರಲಿಕ್ಕಿಲ್ಲ. ದೋಣಿ ಮಗುಚಿತು ಅಂತ ಮಾತ್ರ ಹೇಳಿರ್ತಾರೆ.

2004. ನಾಗರಪಂಚಮಿ ಕಳೆದ ವಾರ. ನಾನು, ಭಾವ ಇಬ್ಬರೇ. ಬಂಗಡೆ ಸಿಕ್ಕಿತ್ತು, ದೋಣಿ ಭಾರ ಇತ್ತು. ನಾಲ್ಕು ಗಂಟೆ ಹೊತ್ತಿಗೆ ವಾಪಸು ಹೊರಟೆವು. ಪರದೆ ಆಗಲೇ ಮಸುಕಾಗಿತ್ತು, ನಿನ್ನದರ ಹಾಗೆಯೇ ಚುಕ್ಕಿ ಚುಕ್ಕಿ. ನಾನು ಎಂತ ಮಾಡಿದೆ? ಕಾಣುವುದಿಲ್ಲ ಅಂತ ಸೆನ್ಸಿಟಿವಿಟಿ ಏರಿಸಿದೆ. ಇನ್ನಷ್ಟು ಚುಕ್ಕಿ. ಮತ್ತೂ ಏರಿಸಿದೆ. ಪರದೆ ಪೂರ್ತಿ ತುಂಬಿಹೋಯಿತು. ಮೂಲೆಯಲ್ಲಿ ಆಳದ ನಂಬರು ಮಾತ್ರ ಇತ್ತು, 18 ಅಡಿ. ಮೂರು ಮಾರು ನೀರಿದೆ, ಧೈರ್ಯವಾಗಿ ಬಾ ಅಂದ ಹಾಗೆ. ಆ 18 ಮಿಣಮಿಣ ಅಂತ ಹತ್ತಿ ಆರ್ತಾ ಇತ್ತು. ಅದು ಯಾಕೆ ಮಿಣುಕ್ತದೆ ಅಂತ ನಾನು ಯೋಚನೆ ಮಾಡಲಿಲ್ಲ. ತಳ ಸಿಗದೆ ಹೋದಾಗ ಎಷ್ಟೋ ಯಂತ್ರಗಳು ಕೊನೆಗೆ ಸಿಕ್ಕಿದ ನಂಬರನ್ನೇ ಹಾಗೆ ಮಿಣುಕಿಸ್ತಾ ಇಟ್ಟುಕೊಳ್ತವೆ. ಅದು ಹಿಂದೆ ಬಿಟ್ಟು ಬಂದ ನೀರಿನ ಲೆಕ್ಕ ಮಗಾ, ನಮ್ಮ ಅಡಿಯ ನೀರಿನದ್ದಲ್ಲ.

ಅಡಿ ಮರಳಿಗೆ ತಾಗಿದ್ದು ಕಾಲಿಗೆ ಗೊತ್ತಾಯಿತು, ಗರ್ ಅಂತ. ನಿಂತ ದೋಣಿಗೆ ಹಿಂದಿನಿಂದ ತೆರೆ ಬಂತು. ಭಾವ ಎಂಜಿನ್ ಎತ್ತಲಿಕ್ಕೆ ಹೋದವರು ಅಂಚಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಬಿದ್ದರು. ಆ ಮೂಳೆಯ ಶಬ್ದ ನನಗೆ ತೆರೆಯ ಅಬ್ಬರದಲ್ಲೂ ಕೇಳಿತು. ಬಲೆ ಹೋಯಿತು, ಮೀನು ಹೋಯಿತು, ಅದು ಬಿಡು. ಅವರನ್ನು ಕೊರಳಿಗೆ ಕೈ ಹಾಕಿ ಎಳೆದುಕೊಂಡು ದಂಡೆಗೆ ಬಂದೆ. ತಂಗೀ, ಆ ಬೆಳಿಗ್ಗೆ ನಿನ್ನ ಮುಖ ನೋಡಿದ್ದು ನಾನು ಮರೆತಿಲ್ಲ.

ಮರುದಿನ ಬ್ಯಾಟರಿ ಪೆಟ್ಟಿಗೆ ತೆರೆದರೆ ಟರ್ಮಿನಲ್ ಮೇಲೆ ಕಿಲುಬು, ಪಾಚಿ ಹಿಡಿದ ಹಾಗೆ ಹಸಿರು. ವೈರು ಕೈಯಲ್ಲಿ ಮುಟ್ಟಿದರೆ ಅಲ್ಲಾಡ್ತಿತ್ತು. ಫಿಟ್ ಮಾಡಿಕೊಟ್ಟವ ದೀಪದ ವೈರಿಗೇ ಇದನ್ನೂ ಸೇರಿಸಿ ಟೇಪು ಸುತ್ತಿ ಹೋಗಿದ್ದ. ತೆಗೆದುಕೊಂಡ ದುಡ್ಡು ಪೂರ್ತಿ, ಮಾಡಿದ ಕೆಲಸ ಅರ್ಧ. ಆದರೆ ತಿಂಗಳಿಗೊಂದು ಸಲ ಆ ಮುಚ್ಚಳ ತೆರೆದು ನೋಡಬೇಕಾದವ ನಾನು.

ಅದಕ್ಕೇ ಇನ್ನೊಂದು ಸಲ ಹೇಳ್ತೇನೆ. ಪರದೆ ಮಸುಕಿದ್ದ ದಿನ ಕತ್ತಲೆಯಲ್ಲಿ ಅಳಿವೆಗೆ ಬರಬೇಡ. ಮಿಣುಕುವ ನಂಬರನ್ನು ನಂಬಬೇಡ. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಮಾರಿಗೊಂದು ಗಂಟು ಹಾಕಿ ದೋಣಿಯಲ್ಲಿ ಇಟ್ಟುಕೋ. ನಮ್ಮ ಅಜ್ಜ ಅದರಲ್ಲೇ ಜೀವಮಾನ ಕಳೆದವರು.

ಇನ್ನೊಂದು ಮಾತು ಮನಸ್ಸಲ್ಲಿಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ, ಹೇಳಿಬಿಡ್ತೇನೆ. ದೋಣಿ ನೀರಿಗಿಳಿಸಿದ ದಿನ ಫೋಟೋ ಈ ಗ್ರೂಪಿಗೆ ಬಂತು. ಹೂವಿನ ಹಾರ, ತೆಂಗಿನಕಾಯಿ, ಎಲ್ಲರೂ ಸಾಲಾಗಿ ನಿಂತಿದ್ದೀರಿ. ಸೋದರಮಾವ ಅಂತ ಒಬ್ಬ ಬೆಂಗಳೂರಲ್ಲಿ ಇದ್ದಾನೆ, ಒಂದು ಫೋನ್ ಮಾಡುವ ಅಂತ ಯಾರಿಗೂ ಅನಿಸಲಿಲ್ಲ. ಒಂದು ರಾತ್ರಿಯ ಬಸ್ಸು, ಬೆಳಿಗ್ಗೆ ಕುಂದಾಪುರದಲ್ಲಿ ಇಳಿಯುತ್ತಿದ್ದೆ. ವೈರು ಎಳೆಯುವಾಗ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ಆವತ್ತು ದೋಣಿ ಮಾರುವಾಗಲೂ ನನ್ನನ್ನು ಕೇಳಿದವರಿಲ್ಲ, ಮಗನ ಮನೆಗೆ ಹೋಗು, ಸಾಕು ಅಂದಿರಿ. ಇಲ್ಲಿ ಐಸು ಹಾಕಿ ಲಾರಿಯಲ್ಲಿ ಬಂದ ಬಂಗಡೆ ಕೊಳ್ಳುವಾಗ ಕಿವಿರು ಎತ್ತಿ ನೋಡ್ತೇನೆ, ಅಂಗಡಿಯವನಿಗೆ ಸಿಟ್ಟು ಬರ್ತದೆ. ಇರಲಿ. ಯಾರನ್ನೂ ನೋಯಿಸಲಿಕ್ಕೆ ಹೇಳಿದ್ದಲ್ಲ.

ಹಾಂ ಮಗಾ, ಇನ್ನು ಪರದೆ ಸರಿ ಮಾಡುವುದು ಹೇಗೆ ಅಂತ ಹೇಳ್ತೇನೆ. ಬೆಳಗಾದ ಮೇಲೆ ಶಾಂತ ನೀರಿಗೆ ಹೋಗು, ಎಂಜಿನ್ ಬಂದ್ ಮಾಡು, ದೋಣಿ ತೇಲಲಿಕ್ಕೆ ಬಿಟ್ಟು ಪರದೆ ನೋಡು. ಆಗ ತಳದ ಗೆರೆ ಚೊಕ್ಕ ಬಂತು ಅಂದರೆ ಯಂತ್ರದ ತಪ್ಪಲ್ಲ, ಗಾಳಿಗುಳ್ಳೆಯದ್ದೋ ಎಂಜಿನ್ನಿನ ಕರೆಂಟಿನದ್ದೋ ಕಾಟ. ಈ ಯಂತ್ರ ಬಾವಿಗೆ ಕೂಗಿದ ಹಾಗೆ ಕೆಲಸ ಮಾಡುವುದು. ಸೆನ್ಸರ್ ಶಬ್ದ ಬಿಡ್ತದೆ, ನೀರಲ್ಲಿ ಅದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡಿ ತಳಕ್ಕೆ ತಾಗಿ ತಿರುಗಿ ಬರ್ತದೆ. ನಡುವೆ ಗುಳ್ಳೆ ಇದ್ದರೆ ಅಲ್ಲಿಂದಲೇ ವಾಪಸು. ಅಳಿವೆಯಲ್ಲಿ ತೆರೆ ಒಡೆಯುವಲ್ಲಿ ನೀರೆಲ್ಲ ಗುಳ್ಳೆಯೇ, ಅದಕ್ಕೇ ಅಲ್ಲಿ ಅದಕ್ಕೆ ಕಣ್ಣಿಲ್ಲ.

ಆಮೇಲೆ ದೋಣಿ ನಿಂತಲ್ಲೇ ಎಂಜಿನ್ ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡು, ನೀರಲ್ಲಿರುವ ಫ್ಯಾನು ತಿರುಗಬಾರದು. ಆಗಲೇ ಚುಕ್ಕಿ ಬಂದರೆ ಕರೆಂಟು. ಸೆನ್ಸರ್ ಕೇಬಲ್ಲನ್ನು ಎಂಜಿನ್ ವೈರಿನ ಜೊತೆ ಕಟ್ಟಿದ್ದರೆ ಬಿಡಿಸಿ ದೂರ ಎಳೆ, ಫಿಶ್ ಫೈಂಡರಿಗೆ ಬ್ಯಾಟರಿಯಿಂದ ಬೇರೆಯೇ ವೈರು, ಫ್ಯೂಸು ಹಾಕಿಸು. ಕಿಲುಬು ಉಜ್ಜಿ ತೆಗೆ. ಪೂರ್ತಿ ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು. ದೋಣಿ ಓಡುವಾಗ ಮಾತ್ರ ಚುಕ್ಕಿ ಬಂದರೆ ಗುಳ್ಳೆ. ಸೆನ್ಸರನ್ನು ಫ್ಯಾನಿನಿಂದ ದೂರಕ್ಕೆ, ದೋಣಿಯ ಅಡಿಗಿಂತ ಚೂರು ಕೆಳಗೆ ಬರುವ ಹಾಗೆ ಕೂರಿಸು. ಚಿಪ್ಪು, ಪಾಚಿ ಹಿಡಿದಿದ್ದರೆ ಮೆತ್ತಗೆ ತೆಗೆ, ಚೂರಿ ಹಾಕಬೇಡ. ಸೆನ್ಸಿಟಿವಿಟಿ ವಾಪಸು ಆಟೋಗೆ ಇಡು. ಶಬ್ದದ ಫ್ರೀಕ್ವೆನ್ಸಿ 200 ಕಿಲೋಹರ್ಟ್ಸ್‌ನಲ್ಲಿ ಇರಲಿ, ದಂಡೆ ಹತ್ತಿರದ ನೀರಿಗೆ ಅದು ಸರಿ.

ಮತ್ತೆ ಆ ಫೋಟೋದಲ್ಲಿ ನೀನು ಕಪ್ಪು ಕನ್ನಡಕ ಹಾಕಿದ್ದೆ. ಕೆಲವು ಕನ್ನಡಕದಲ್ಲಿ ಆ ಪರದೆ ಕಪ್ಪಾಗಿಯೇ ಕಾಣ್ತದೆ. ಹಗಲು ನೋಡುವಾಗ ಅದನ್ನು ತೆಗೆದು ನೋಡು. ನಾಳೆ ಎಂಜಿನ್ ಬಂದ್ ಮಾಡಿದಾಗಿನ ಫೋಟೋ ಒಂದು, ಓಡುವಾಗಿನ ಫೋಟೋ ಒಂದು ಇಲ್ಲಿ ಹಾಕು. ಭಾವನಿಗೆ ಈ ವಾಯ್ಸ್ ಕೇಳಿಸು.