‘ರೆಸ್ಪಾನ್ಸಿವ್’ ಜಾಲತಾಣಕ್ಕೆ ಕನ್ನಡದಲ್ಲಿ ಏನೆನ್ನುವುದು? (ಸಂಜೆಯೊಳಗೆ ಬೇಕು)

ಮಂಡ್ಯದಿಂದ:

ಗೆಳೆಯರೇ, ಇಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಜಾಲತಾಣ ಕಟ್ಟುವ ತರಬೇತಿ ನಡೆಸುತ್ತಿದ್ದೇವೆ. ಪ್ರಯೋಗಾಲಯದ ಗೋಡೆಗೆ ಹಾಕುವ ಕಿವಿಮಾತುಗಳ ಫಲಕ ಸಂಜೆ ಮುದ್ರಣಕ್ಕೆ ಹೋಗಬೇಕು. ‘ಚಿತ್ರಕ್ಕೆ ಬದಲಿ ಪಠ್ಯ ಕೊಡಿ’, ‘ತಪ್ಪನ್ನು ಬರೀ ಕೆಂಪು ಬಣ್ಣದಿಂದ ತೋರಿಸಬೇಡಿ, ಬರೆದೂ ಹೇಳಿ’, ‘ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ ಕನಿಷ್ಠ 4.5:1 ಇರಲಿ’ ಮುಂತಾದ ಸಾಲುಗಳು ಸಿದ್ಧವಾಗಿವೆ. ‘ರೆಸ್ಪಾನ್ಸಿವ್’, ಅಂದರೆ ಮೊಬೈಲಾಗಲಿ ಕಂಪ್ಯೂಟರಾಗಲಿ ಪರದೆಯ ಅಳತೆಗೆ ತಕ್ಕಂತೆ ಪುಟ ತಾನೇ ಬದಲಾಗುವುದು, ಇದರ ಬಳಿ ನಿಂತುಬಿಟ್ಟಿದ್ದೇನೆ. ‘ತಾಣ ಸ್ಪಂದನಶೀಲವಾಗಿರಲಿ’ ಎಂದು ಬರೆದೆ. ಓದಿದ ವಿದ್ಯಾರ್ಥಿನಿಯೊಬ್ಬಳು, ‘ದೂರು ಕೊಟ್ಟರೆ ಬೇಗ ಉತ್ತರ ಬರಬೇಕು ಎಂದೇ ಸರ್?’ ಎಂದು ಕೇಳಿದಳು. ದಯವಿಟ್ಟು ತಿಳಿಸಿ.

ಮೈಸೂರು, ಸರಸ್ವತೀಪುರಂನಿಂದ:

ಆ ಹುಡುಗಿ ಕೇಳಿದ್ದು ಸರಿಯಾಗಿದೆ. ‘ಜನಸ್ಪಂದನ’ ಎಂಬ ಫಲಕ ನೋಡಿ ಬೆಳೆದವರಿಗೆ ಸ್ಪಂದನ ಎಂದರೆ ಅಹವಾಲು ಕೇಳುವುದು. ಧಾತುವಿನ ಅರ್ಥವಾದರೂ ಮಿಡಿಯುವುದು, ಅದುರುವುದು. ಪರದೆಯ ಮೇಲೆ ಪುಟ ಅದುರಬೇಕೆ? ಕೈಬಿಡಿ.

‘ಒಗ್ಗುವ ತಾಣ’ ಎನ್ನಿ. ಊರು ಬದಲಾದರೆ ನೀರು ಒಗ್ಗಬೇಕು, ಹವೆ ಒಗ್ಗಬೇಕು ಎನ್ನುತ್ತೇವೆ. ಪರದೆ ಬದಲಾದಾಗ ಪುಟ ಮಾಡುವುದೂ ಅದನ್ನೇ. ಅಚ್ಚಗನ್ನಡದ ಕ್ರಿಯಾಪದ ಕೈಯಲ್ಲಿರುವಾಗ ಸಂಸ್ಕೃತದ ಮನೆಗೇಕೆ ಹೋಗಬೇಕು? ನಮ್ಮ ಒಗ್ಗರಣೆಯೂ ಇದೇ ಒಗ್ಗುವಿನಿಂದ ಬಂದದ್ದು. ಸಾರಿಗೆ ಒಗ್ಗಿಸುವುದೇ ಒಗ್ಗರಣೆ.

ಮೈಸೂರು, ಹೆಬ್ಬಾಳದಿಂದ:

ಮೇಷ್ಟ್ರೇ, ಜಾಲತಾಣ ಕಟ್ಟುವ ಕೆಲಸ ಮಾಡುವವಳಾಗಿ ಎರಡು ಮಾತು. ‘ರೆಸ್ಪಾನ್ಸಿವ್’ ಎಂಬ ಹೆಸರನ್ನು 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕ ಕೊಟ್ಟರು. ಒಳಗಿರುವವರಿಗೆ ತಕ್ಕಂತೆ ಬದಲಾಗುವ ಕಟ್ಟಡಗಳ ವಾಸ್ತುಶಿಲ್ಪದಿಂದ ಅದನ್ನು ಎರವಲು ತಂದರು. ಇಂಗ್ಲಿಷಿನವರೇ ಎರವಲು ತಂದ ಪದಕ್ಕೆ ನಾವು ಧಾತು ಹುಡುಕುವುದೇಕೆ? ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ‘ರೆಸ್ಪಾನ್ಸಿವ್’ ಇದೆ. ಆ ಮಕ್ಕಳು ನಾಳೆ ಸಂದರ್ಶನಕ್ಕೆ ಬಂದಾಗ ಕೇಳುವುದೂ ಅದನ್ನೇ.

ಫಲಕದಲ್ಲಿ ಪದಕ್ಕಿಂತ ಹೆಚ್ಚಾಗಿ ಬೇಕಾದದ್ದು ಕನ್ನಡದ ಪುಟ ಎಲ್ಲಿ ಒಡೆಯುತ್ತದೆ ಎಂಬುದು. ‘ಶ್ರೀರಂಗಪಟ್ಟಣ’ವನ್ನೇ ನೋಡಿ. ನಮ್ಮ ಕಣ್ಣಿಗೆ 6 ಅಕ್ಷರ. ಕಂಪ್ಯೂಟರಿನಲ್ಲಿ ಪ್ರತಿ ಲಿಪಿಚಿಹ್ನೆಗೂ ಒಂದು ಸಂಕೇತ ಕೊಡುವ ಯುನಿಕೋಡ್ ಎಣಿಕೆಯಲ್ಲಿ 12, ಆ ಸಂಕೇತಗಳನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ 36 ಬೈಟ್. ಅರ್ಜಿಯಲ್ಲಿ ಹೆಸರು ತುಂಬುವ ಅಂಕಣಕ್ಕೆ ಯಾರೋ 10 ಸಂಕೇತಗಳ ಮಿತಿ ಹಾಕಿದರೆ ‘ಶ್ರೀರಂಗಪಟ್’ ಎಂದು ಅರ್ಧಾಕ್ಷರದಲ್ಲಿ ಊರು ಮುರಿಯುತ್ತದೆ. ಪುಟದಲ್ಲಿ ಒತ್ತುವ ಗುಂಡಿಗೆ (ಬಟನ್) ಇಂಗ್ಲಿಷಿನ ಅಳತೆಯಲ್ಲಿ ಎತ್ತರ ಕಟ್ಟಿದರೆ ‘ಟ್ಟ’ದ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಅಗಲವನ್ನೂ ಎತ್ತರವನ್ನೂ ಪರದೆಯ ಚುಕ್ಕೆಗಳ ಲೆಕ್ಕದಲ್ಲಿ, ಅಂದರೆ ಪಿಕ್ಸೆಲ್‌ನಲ್ಲಿ ಬಿಗಿಯಬೇಡಿ, ಸಾಲಿನ ಎತ್ತರವನ್ನು ಸಡಿಲ ಬಿಡಿ. ಪುಟದ ಭಾಷೆ ಕನ್ನಡ ಎಂದು, ಪುಟ ಬರೆಯುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ತಪ್ಪದೆ ಸೂಚಿಸಿ. ಇಲ್ಲದಿದ್ದರೆ ಅಂಧರು ಬಳಸುವ ಓದುಗ ತಂತ್ರಾಂಶ ಬೇರೆ ಭಾಷೆಯ ಧ್ವನಿಯಲ್ಲಿ ತಡವರಿಸಬಹುದು. ಇವು ಮೂರು ಸಾಲು ಫಲಕದ ಮೇಲಿರಲಿ.

ಮೈಸೂರು, ಮಾನಸಗಂಗೋತ್ರಿಯಿಂದ:

ಒಗ್ಗರಣೆಯ ವ್ಯುತ್ಪತ್ತಿ ತಪ್ಪು. ಅದು ಸಂಸ್ಕೃತದ ‘ವ್ಯಾಘಾರಣ’ದ ತದ್ಭವ, ಹಿಂದಿಯ ‘ಬಘಾರ್’ ಅದರ ಬಳಗ. ಒಗ್ಗುವಿಗೂ ಇದಕ್ಕೂ ನಂಟಿಲ್ಲ. ದಿನವೂ ಅಡುಗೆಮನೆಯಲ್ಲಿ ಸಿಡಿಯುವ ಪದವೇ ಎರವಲಾಗಿರುವಾಗ ‘ಅಚ್ಚಗನ್ನಡ’ ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ಸರಸ್ವತೀಪುರಂನಿಂದ ಮತ್ತೆ:

ವ್ಯುತ್ಪತ್ತಿಯನ್ನು ಒಪ್ಪುತ್ತೇನೆ, ವಾದವನ್ನು ಒಪ್ಪುವುದಿಲ್ಲ. ವ್ಯಾಘಾರಣ ಕನ್ನಡಕ್ಕೆ ಬಂದು ಒಗ್ಗರಣೆಯಾಯಿತು, ನಮ್ಮ ನಾಲಿಗೆಗೆ ಬಗ್ಗಿತು. ‘ರೆಸ್ಪಾನ್ಸಿವ್’ ಎಲ್ಲಿ ಬಗ್ಗಿದೆ? ಲಿಪಿ ಬದಲಿಸಿದ ಮಾತ್ರಕ್ಕೆ ಪದ ಕನ್ನಡವಾಗುವುದಿಲ್ಲ. ಬಸ್ಸಿಗೆ ಉಕಾರ ಸೇರಿ ‘ಬಸ್ಸು’ ಆಯಿತು, ಬಹುವಚನ ಹತ್ತಿತು, ವಿಭಕ್ತಿ ಹತ್ತಿತು. ‘ರೆಸ್ಪಾನ್ಸಿವ್’ ಗುಣವಾಚಕ, ಅದರಿಂದ ಕ್ರಿಯಾಪದ ಮಾಡಿ ತೋರಿಸಿ. ಒಗ್ಗು ಕೊಟ್ಟರೆ ಒಗ್ಗುತ್ತದೆ, ಒಗ್ಗಿಸಿ, ಒಗ್ಗದ ಪುಟ, ಒಗ್ಗುವಿಕೆ, ಎಲ್ಲವೂ ಒಂದೇ ಬೇರಿನಿಂದ ಚಿಗುರುತ್ತವೆ. ಪಾಠ ಮಾಡುವವರಿಗೆ ಬೇಕಾದದ್ದು ಇಂಥ ಪದ.

ಹೆಬ್ಬಾಳದಿಂದ:

ಕ್ರಿಯಾಪದದ ಮಾತು ನಿಜ. ‘ಈ ಪುಟವನ್ನು ಮೊಬೈಲ್‌ಗೆ ಒಗ್ಗಿಸಿ’ ಎಂದು ನಾನು ಸಹೋದ್ಯೋಗಿಗೆ ಹೇಳಬಲ್ಲೆ, ಅವರಿಗೆ ಅರ್ಥವಾಗುತ್ತದೆ. ಆದರೆ ತಾಂತ್ರಿಕ ಹೆಸರಾಗಿ ‘ರೆಸ್ಪಾನ್ಸಿವ್’ ಉಳಿಯಲೇಬೇಕು. ಅದಿಲ್ಲದೆ ಹುಡುಕಿದರೆ ಆ ಮಕ್ಕಳಿಗೆ ಒಂದು ಮಾರ್ಗದರ್ಶಿಯೂ ಸಿಗುವುದಿಲ್ಲ. ಇದರಲ್ಲಿ ರಾಜಿಯಿಲ್ಲ.

ಮಾನಸಗಂಗೋತ್ರಿಯಿಂದ:

‘ಹೊಂದಿಕೊಳ್ಳುವ’ ಯಾರಿಗೂ ಹೊಳೆಯಲಿಲ್ಲವೆ? ಎಲ್ಲರಿಗೂ ತಿಳಿದ ಮಾತು.

ಸರಸ್ವತೀಪುರಂನಿಂದ:

ಅದನ್ನು ‘ಕಂಪ್ಯಾಟಿಬಲ್’ (ಒಂದು ಸಾಧನ ಇನ್ನೊಂದರ ಜೊತೆ ಕೂಡಿ ನಡೆಯುವುದು) ಎಂಬುದಕ್ಕೆ ಬಿಡಿ. ಒಂದೇ ಪದಕ್ಕೆ ಎರಡು ಹೊರೆ ಹೊರಿಸಬೇಡಿ.

ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಮುದ್ರಣಕ್ಕೆ ಕಳುಹಿಸಿದ ಸಾಲು ಇದು: ‘ಪುಟವನ್ನು ಪ್ರತಿ ಪರದೆಗೂ ಒಗ್ಗಿಸಿ (ರೆಸ್ಪಾನ್ಸಿವ್ ವಿನ್ಯಾಸ). ಮೊದಲು ಸಣ್ಣ ಮೊಬೈಲ್‌ನಲ್ಲಿ ನೋಡಿ, ಆಮೇಲೆ ದೊಡ್ಡ ಪರದೆಗೆ ಹೋಗಿ.’ ಅದರ ಕೆಳಗೆ ಹೆಬ್ಬಾಳದ ಮೇಡಂ ಹೇಳಿದ ಮೂರು ಸಾಲುಗಳನ್ನೂ ಶ್ರೀರಂಗಪಟ್ಟಣದ ಉದಾಹರಣೆಯನ್ನೂ ಸೇರಿಸಿದ್ದೇನೆ. ಮುಂದಿನ ವಾರದ ಫಲಕಕ್ಕೆ ‘ಕ್ಯಾಶ್’ (cache, ಮತ್ತೆ ಬೇಗ ತೆರೆಯಲೆಂದು ಪುಟದ ಪ್ರತಿಯನ್ನು ಕೂಡಿಡುವ ಜಾಗ) ಎಂಬುದಕ್ಕೆ ಕನ್ನಡ ಪದ ಬೇಕು. ‘ಕ್ಯಾಶ್ ಅಳಿಸಿ’ ಎಂದು ಬರೆದರೆ ಹಣದ ಮಾತೆಂದು ಓದುತ್ತಾರೆ. ‘ಕಣಜ’ ನಡೆದೀತೆ?