ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಇದೆ: ಎಫ್‌ಇಎ ಕಲಿಕೆಯನ್ನು ಎಲ್ಲಿಂದ ಆರಂಭಿಸಬೇಕು?

ಪೀಣ್ಯ_ವಿನ್ಯಾಸ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷಗಳಿಂದ ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬ್ರಾಕೆಟ್, ಫ್ರೇಮ್ ಮುಂತಾದವುಗಳ ಡ್ರಾಯಿಂಗ್ ಮಾಡುತ್ತಿದ್ದೇನೆ. ಈಚೆಗೆ ಗ್ರಾಹಕರು ಡ್ರಾಯಿಂಗ್ ಜೊತೆಗೆ ಫೈನೈಟ್ ಎಲಿಮೆಂಟ್ ಅನಾಲಿಸಿಸ್ (ಎಫ್‌ಇಎ, ಅಂದರೆ ಭಾಗವನ್ನು ಎಲಿಮೆಂಟ್ ಎಂಬ ಸಣ್ಣ ತುಣುಕುಗಳ ಬಲೆಯಾಗಿ, ಮೆಶ್ ಆಗಿ, ವಿಂಗಡಿಸಿ ಅದರ ಸ್ಟ್ರೆಸ್ ಎಂಬ ಒಳಒತ್ತಡವನ್ನು ಲೆಕ್ಕ ಹಾಕುವ ವಿಧಾನ) ವರದಿಯನ್ನೂ ಕೇಳತೊಡಗಿದ್ದರಿಂದ ಆ ಹೊಣೆ ನನ್ನ ಪಾಲಿಗೆ ಬಂದಿದೆ. ಕಾಲೇಜಿನಲ್ಲಿ ಈ ವಿಷಯಕ್ಕೆ ಒಳ್ಳೆಯ ಅಂಕಗಳೇ ಬಂದಿದ್ದವು. ಆದರೆ ಶೇಪ್ ಫಂಕ್ಷನ್‌ಗಳ (ಎಲಿಮೆಂಟ್ ಒಳಗೆ ಸ್ಥಾನಪಲ್ಲಟ ಹೇಗೆ ಬದಲಾಗುತ್ತದೆ ಎಂದು ಹೇಳುವ) ಸೂತ್ರಗಳನ್ನು ಬಾಯಿಪಾಠ ಮಾಡಿ ಬರೆದಿದ್ದೆನೇ ಹೊರತು ಅವು ಯಾಕೆ ಬೇಕು ಎಂಬುದು ನನಗೆ ತಿಳಿದಿರಲಿಲ್ಲ.

ಈಗಿನ ಸಮಸ್ಯೆ ಹೀಗಿದೆ. 50 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು ಲಂಬಕೋನದಲ್ಲಿ ಮಡಚಿದ ಒಂದು ಬ್ರಾಕೆಟ್ ಇದೆ. ಅದರ ನಿಂತ ಭಾಗವನ್ನು ಸ್ಥಿರಗೊಳಿಸಿ, ಅಡ್ಡ ಭಾಗದ ಮೇಲೆ ಒಳಮೂಲೆಯಿಂದ 60 ಮಿ.ಮೀ. ದೂರದಲ್ಲಿ 500 ನ್ಯೂಟನ್ ಭಾರ ಹಾಕಿದ್ದೇನೆ. ಎಲಿಮೆಂಟ್ ಗಾತ್ರ 2 ಮಿ.ಮೀ. ಇದ್ದಾಗ ಒಳಮೂಲೆಯಲ್ಲಿ ಗರಿಷ್ಠ ಸ್ಟ್ರೆಸ್ 92 ಮೆಗಾಪಾಸ್ಕಲ್ ಬಂತು; 1 ಮಿ.ಮೀ.ಗೆ 126, 0.5ಕ್ಕೆ 173, 0.25ಕ್ಕೆ 237 ಬಂತು. ನಾವು ಬಳಸುವ ಉಕ್ಕಿನ ಯೀಲ್ಡ್ ಮಿತಿ (ಅದು ಶಾಶ್ವತವಾಗಿ ವಿರೂಪಗೊಳ್ಳತೊಡಗುವ ಸ್ಟ್ರೆಸ್) 250 ಮೆಗಾಪಾಸ್ಕಲ್. ಇನ್ನೊಮ್ಮೆ ಮೆಶ್ ಅರ್ಧ ಮಾಡಿದರೆ ಬ್ರಾಕೆಟ್ ವಿಫಲವಾಗುತ್ತದೆ ಎಂದೇ ವರದಿ ಬರೆಯಬೇಕಾಗುತ್ತದೆ, ಆದರೆ ಇದೇ ಬ್ರಾಕೆಟ್ ವರ್ಷಗಳಿಂದ ಯಾವ ತೊಂದರೆಯೂ ಇಲ್ಲದೆ ಭಾರ ಹೊರುತ್ತಿದೆ. ನಾನು ಯಾವ ಸಂಖ್ಯೆಯನ್ನು ನಂಬಬೇಕು? ಮೂಲಪಾಠಗಳನ್ನು ಸರಿಯಾಗಿ ಕಲಿಯಲು ಎಲ್ಲಿಂದ ಆರಂಭಿಸಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ವಿಶ್ಲೇಷಕ_ಮೈಸೂರು ಅವರ ಉತ್ತರ

ನಿಮ್ಮ ನಾಲ್ಕು ಸಂಖ್ಯೆಗಳಲ್ಲಿ ಪ್ರತಿಯೊಂದನ್ನೂ ಅದರ ಹಿಂದಿನದರಿಂದ ಭಾಗಿಸಿ ನೋಡಿ. ಮೂರು ಬಾರಿಯೂ ಸುಮಾರು 1.37 ಬರುತ್ತದೆ. ಇದು ಆಕಸ್ಮಿಕವಲ್ಲ. ಒಳಗೆ ಚೂಪಾದ ಲಂಬಕೋನದ ಮೂಲೆಯಿದ್ದರೆ, ಸ್ಥಿತಿಸ್ಥಾಪಕ ಸಿದ್ಧಾಂತದ ಪ್ರಕಾರ ಆ ಬಿಂದುವಿನಲ್ಲಿ ಸ್ಟ್ರೆಸ್ ಅನಂತವಾಗಿರುತ್ತದೆ ಎಂದು ವಿಲಿಯಮ್ಸ್ ಎಂಬ ಸಂಶೋಧಕರು 1952ರಲ್ಲಿ ತೋರಿಸಿದರು. ಮೂಲೆಯಿಂದ ಇರುವ ದೂರ ಅರ್ಧವಾದಾಗಲೆಲ್ಲ ಸ್ಟ್ರೆಸ್ 2ರ 0.455ನೆಯ ಘಾತದಷ್ಟು ಪಟ್ಟು, ಅಂದರೆ 1.37 ಪಟ್ಟು ಏರಬೇಕು. ನಿಮ್ಮ ಸಾಫ್ಟ್‌ವೇರ್ ಅದನ್ನೇ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಕೊಡುತ್ತಿದೆ. ತಪ್ಪಿರುವುದು ನಾವು ಅದಕ್ಕೆ ಕೊಟ್ಟ ಆಕಾರದಲ್ಲಿ. ಡ್ರಾಯಿಂಗ್‌ನಲ್ಲಿ ಮೂಲೆ ಚೂಪಾಗಿರಬಹುದು, ಆದರೆ ಮಡಚಿದ ಪಟ್ಟಿಯ ಒಳಭಾಗದಲ್ಲಿ ತ್ರಿಜ್ಯ ಇದ್ದೇ ಇರುತ್ತದೆ. ಆ ತ್ರಿಜ್ಯವನ್ನು ಅಳೆದು ಮಾಡೆಲ್‌ನಲ್ಲಿ ಸೇರಿಸಿದರೆ ಸ್ಟ್ರೆಸ್ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಮೆಶ್ ಮಾಡುವುದಕ್ಕೆ ಮೊದಲು ನೀವು ಕಾಗದದ ಮೇಲೆ ಲೆಕ್ಕ ಮಾಡಿದಿರಾ? 500 ನ್ಯೂಟನ್ ಭಾರ, 60 ಮಿ.ಮೀ. ದೂರ, ಬೆಂಡಿಂಗ್ ಮೊಮೆಂಟ್ 30,000 ನ್ಯೂಟನ್-ಮಿ.ಮೀ. ಸೆಕ್ಷನ್ ಮಾಡ್ಯುಲಸ್ ಎಂದರೆ ಅಗಲ 50ನ್ನು ದಪ್ಪ 8ರ ವರ್ಗದಿಂದ ಗುಣಿಸಿ 6ರಿಂದ ಭಾಗಿಸಿದ್ದು, ಸುಮಾರು 533. ಹಾಗಾಗಿ ಸ್ಟ್ರೆಸ್ ಸುಮಾರು 56 ಮೆಗಾಪಾಸ್ಕಲ್. ಬಾಗಿದ ಜಾಗದಲ್ಲಿ ಅದು ಒಂದಿಷ್ಟು ಹೆಚ್ಚುತ್ತದೆ, ನಾಲ್ಕು ಪಟ್ಟು ಹೆಚ್ಚುವುದಿಲ್ಲ. ಈ ಎರಡು ನಿಮಿಷದ ಲೆಕ್ಕ ಕೈಯಲ್ಲಿದ್ದಿದ್ದರೆ 237 ಎಂಬ ಸಂಖ್ಯೆ ಕಂಡ ಕೂಡಲೇ ನಿಮಗೆ ಅನುಮಾನ ಬರುತ್ತಿತ್ತು.

ಬೋಧಕ_ದಾವಣಗೆರೆ ಅವರ ಉತ್ತರ

ಮೂಲಪಾಠದ ಬಗ್ಗೆ ನೀವು ಕೇಳಿದ್ದಕ್ಕೆ ನಾನು ಉತ್ತರಿಸುತ್ತೇನೆ, ಯಾಕೆಂದರೆ ಸೂತ್ರಗಳನ್ನು ಮೊದಲು ಹೇಳಿ ಅರ್ಥವನ್ನು ಕೊನೆಗೆ ಬಿಡುವ ತಪ್ಪನ್ನು ನಾನೂ ತರಗತಿಯಲ್ಲಿ ಬಹುಕಾಲ ಮಾಡಿದ್ದೇನೆ.

ಎರಡು ಸರಳುಗಳಿಂದ ಆರಂಭಿಸಿ. ಒಂದಕ್ಕೊಂದು ಸೇರಿದ ಎರಡು ಉಕ್ಕಿನ ಸರಳುಗಳು, ಪ್ರತಿಯೊಂದೂ 500 ಮಿ.ಮೀ. ಉದ್ದ, ಮೊದಲನೆಯದರ ಅಡ್ಡಕೊಯ್ತದ ವಿಸ್ತೀರ್ಣ 200 ಚದರ ಮಿ.ಮೀ., ಎರಡನೆಯದರದು 100. ಯಂಗ್ ಮಾಡ್ಯುಲಸ್ (ವಸ್ತುವಿನ ಬಿರುಸಿನ ಅಳತೆ) 2,00,000 ಮೆಗಾಪಾಸ್ಕಲ್ ಎಂದು ಇಟ್ಟುಕೊಳ್ಳಿ. ಎಡತುದಿ ಗೋಡೆಗೆ ಭದ್ರವಾಗಿದೆ, ಬಲತುದಿಯನ್ನು 8,000 ನ್ಯೂಟನ್ ಬಲದಿಂದ ಎಳೆಯುತ್ತಿದ್ದೇವೆ. ವಿಸ್ತೀರ್ಣವನ್ನು ಮಾಡ್ಯುಲಸ್‌ನಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಒಂದೊಂದು ಸರಳಿನ ಸ್ಟಿಫ್‌ನೆಸ್ ಸಿಗುತ್ತದೆ: ಮೊದಲನೆಯದು ಮಿ.ಮೀ.ಗೆ 80,000 ನ್ಯೂಟನ್, ಎರಡನೆಯದು 40,000. ಇವನ್ನು ಮೂರು ನೋಡ್‌ಗಳ (ಎರಡು ತುದಿಗಳು ಮತ್ತು ನಡುವೆ ಸರಳುಗಳು ಸೇರುವ ಬಿಂದು) ಮ್ಯಾಟ್ರಿಕ್ಸ್‌ನಲ್ಲಿ ಜೋಡಿಸುವಾಗ ನಡುವಿನ ನೋಡ್‌ನ ಕರ್ಣದ ಸ್ಥಾನದಲ್ಲಿ 1,20,000 ಬರುತ್ತದೆ. ಆ ನೋಡ್ ಎರಡೂ ಸರಳುಗಳಿಗೆ ಸೇರಿದ್ದರಿಂದ ಎರಡರ ಸ್ಟಿಫ್‌ನೆಸ್ ಅಲ್ಲಿ ಕೂಡುತ್ತದೆ. ಪುಸ್ತಕಗಳಲ್ಲಿ ಅಸೆಂಬ್ಲಿ ಎಂದು ಕರೆಯುವುದು ಇಷ್ಟನ್ನೇ.

ಗೋಡೆಯ ಷರತ್ತನ್ನು ಹಾಕದೆ ಈ ಮ್ಯಾಟ್ರಿಕ್ಸನ್ನು ಬಿಡಿಸಲು ಒಮ್ಮೆ ಪ್ರಯತ್ನಿಸಿ. ಡಿಟರ್ಮಿನೆಂಟ್ ಸೊನ್ನೆಯಾಗುತ್ತದೆ, ಉತ್ತರ ಸಿಗುವುದಿಲ್ಲ. ಎಲ್ಲಿಯೂ ಹಿಡಿದಿಡದ ಸರಳು ಬಲ ಬಿದ್ದ ಕೂಡಲೇ ಇಡಿಯಾಗಿ ಸರಿದುಹೋಗುತ್ತದೆ ಎಂಬ ಭೌತಿಕ ಸತ್ಯವನ್ನೇ ಗಣಿತ ಹಾಗೆ ಹೇಳುತ್ತದೆ. ಸಾಫ್ಟ್‌ವೇರ್ ಸಿಂಗ್ಯುಲರ್ ಮ್ಯಾಟ್ರಿಕ್ಸ್ ಎಂದು ದೂರಿದಾಗ ಎಲ್ಲೋ ಒಂದು ಆಧಾರವನ್ನು ಮರೆತಿದ್ದೀರಿ ಎಂದೇ ಬಹುಪಾಲು ಅರ್ಥ. ಈಗ ಎಡತುದಿಯ ಸ್ಥಾನಪಲ್ಲಟವನ್ನು ಸೊನ್ನೆ ಮಾಡಿ ಬಿಡಿಸಿ. ನಡುವಿನ ನೋಡ್ 0.1 ಮಿ.ಮೀ., ಬಲತುದಿ 0.3 ಮಿ.ಮೀ. ಸರಿಯುತ್ತವೆ, ಸ್ಟ್ರೆಸ್ 40 ಮತ್ತು 80 ಮೆಗಾಪಾಸ್ಕಲ್ ಆಗುತ್ತದೆ, ಗೋಡೆಯ ಪ್ರತಿಕ್ರಿಯೆ ಸರಿಯಾಗಿ 8,000 ನ್ಯೂಟನ್ ಬರುತ್ತದೆ. ಇಷ್ಟನ್ನು ಕೈಯಿಂದ ಮಾಡಿ, ಆಮೇಲೆ ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದು ಅದೇ ಉತ್ತರ ತನ್ನಿ. ಸಾವಿರ ನೋಡ್‌ಗಳಿದ್ದರೂ ನಡೆಯುವುದು ಇದೇ ಕೆಲಸ.

ಎರಡನೆಯ ಹಂತಕ್ಕೆ ಅದೇ ಉಕ್ಕಿನ ಒಂದು ಕ್ಯಾಂಟಿಲಿವರ್ (ಒಂದು ತುದಿ ಮಾತ್ರ ಭದ್ರವಾದ ತೊಲೆ) ತೆಗೆದುಕೊಳ್ಳಿ: 1,000 ಮಿ.ಮೀ. ಉದ್ದ, 20 ಅಗಲ, 40 ಎತ್ತರ, ತುದಿಯಲ್ಲಿ 100 ನ್ಯೂಟನ್. ಬೀಮ್ ಸೂತ್ರದ ಪ್ರಕಾರ ತುದಿ 1.56 ಮಿ.ಮೀ. ಬಾಗಬೇಕು. ಇದನ್ನು ನಾಲ್ಕು ನೋಡ್‌ಗಳ ಟೆಟ್ರಾಹೆಡ್ರನ್‌ಗಳಿಂದ (ನಾಲ್ಕು ಮುಖಗಳ ಎಲಿಮೆಂಟ್‌ಗಳಿಂದ) ಒಮ್ಮೆ, ಹತ್ತು ನೋಡ್‌ಗಳವುಗಳಿಂದ ಇನ್ನೊಮ್ಮೆ ಮಾಡಿ ನೋಡಿ. ನಾಲ್ಕು ನೋಡ್‌ಗಳ ಎಲಿಮೆಂಟ್‌ನ ಒಳಗೆ ಸ್ಟ್ರೇನ್ (ಹಿಗ್ಗುವ, ಕುಗ್ಗುವ ಪ್ರಮಾಣ) ಎಲ್ಲೆಡೆ ಒಂದೇ ಆಗಿರುತ್ತದೆ. ಬಾಗುವಾಗಲಾದರೋ ಸ್ಟ್ರೇನ್ ಮೇಲಿಂದ ಕೆಳಕ್ಕೆ ಬದಲಾಗಲೇಬೇಕು. ಆದ್ದರಿಂದ ಅಂಥ ಮೆಶ್ ನಿಜಕ್ಕಿಂತ ಬಹಳ ಬಿರುಸಾಗಿ ವರ್ತಿಸುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ದೋಷ ಷಿಯರ್ ಲಾಕಿಂಗ್. ತೆಳುವಾದ ಬೀಮ್‌ನಲ್ಲಿ ಷಿಯರ್ ಸ್ಟ್ರೇನ್ (ಪದರಗಳು ಒಂದರ ಮೇಲೊಂದು ಜಾರುವಂಥ ವಿರೂಪ) ಬಹುತೇಕ ಸೊನ್ನೆ, ಎಂದರೆ ಅಡ್ಡಕೊಯ್ತದ ತಿರುವು ಬೀಮ್‌ನ ಇಳಿಜಾರಿಗೆ ಸಮನಾಗಿರಬೇಕು. ಎರಡಕ್ಕೂ ಸರಳರೇಖೆಯ ಶೇಪ್ ಫಂಕ್ಷನ್ ಕೊಟ್ಟರೆ ಇಳಿಜಾರು ಎಲಿಮೆಂಟ್ ಉದ್ದಕ್ಕೂ ಒಂದೇ ಆಗಿರುತ್ತದೆ, ಹಾಗಾಗಿ ತಿರುವೂ ಒಂದೇ ಆಗಿರಲು ಬಲವಂತಗೊಳ್ಳುತ್ತದೆ. ತಿರುವು ಬದಲಾಗದಿದ್ದರೆ ಬಾಗುವಿಕೆಯೇ ಇಲ್ಲ. ಈ ಗಂಟನ್ನು ಬಿಡಿಸಿ ಹೇಳಿದವರಲ್ಲಿ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ವಿಜ್ಞಾನಿಯಾಗಿದ್ದ ಗಂಗನ್ ಪ್ರತಾಪ್ ಪ್ರಮುಖರು. ಫೀಲ್ಡ್ ಕನ್ಸಿಸ್ಟೆನ್ಸಿ ಎಂಬ ಹೆಸರಿನಲ್ಲಿ 1980ರ ದಶಕದಲ್ಲಿ ಅವರು ಬೆಳೆಸಿದ ವಿಚಾರವನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ. ಶೇಪ್ ಫಂಕ್ಷನ್ ಯಾಕೆ ಬೇಕು ಎಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ: ಎಲಿಮೆಂಟ್ ಯಾವ ರೀತಿಯಲ್ಲಿ ವಿರೂಪಗೊಳ್ಳಬಲ್ಲದು, ಯಾವ ರೀತಿಯಲ್ಲಿ ಆಗಲಾರದು ಎಂಬುದನ್ನು ನಿರ್ಧರಿಸುವುದು ಅದೇ.

ಅಭ್ಯಾಸಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಫ್ರೀಕ್ಯಾಡ್‌ನ ಎಫ್‌ಇಎಂ ವಿಭಾಗ ಮತ್ತು ಅದರೊಂದಿಗೆ ಕೆಲಸ ಮಾಡುವ ಕ್ಯಾಲ್ಕುಲಿಕ್ಸ್ ಸಾಲ್ವರ್ ಉಚಿತವಾಗಿ ಸಿಗುತ್ತವೆ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಅಧ್ಯಾಪಕರ ಪಾಠಗಳಿವೆ.

ಸ್ಟಾವಂಗರ್_ಕನ್ನಡಿಗ ಅವರ ಉತ್ತರ

ನಾನು ನಾರ್ವೆಯಲ್ಲಿ ಸಮುದ್ರದ ತೈಲ ವೇದಿಕೆಗಳ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಹೊಸದಾಗಿ ಸೇರಿದವರಿಗೆ ಸ್ಲೈಪ್ನರ್ ಎ ವೇದಿಕೆಯ ಕಥೆಯನ್ನು ಹೇಳುವುದುಂಟು. 1991ರ ಆಗಸ್ಟ್ 23ರಂದು ಸ್ಟಾವಂಗರ್ ಬಳಿಯ ಗಾಂಡ್ಸ್‌ಫ್ಯೋರ್ಡ್‌ನಲ್ಲಿ, ಆ ವೇದಿಕೆಯ ಕಾಂಕ್ರೀಟ್ ತಳಭಾಗವನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದಾಗ ಒಂದು ಗೋಡೆ ಬಿರಿದು, ಇಡೀ ರಚನೆ ಮುಳುಗಿ ನುಚ್ಚುನೂರಾಯಿತು. ದುಂಡನೆಯ ಕೋಶಗಳು ಕೂಡುವಲ್ಲಿದ್ದ ತ್ರಿಕೋನಾಕಾರದ ಜಾಗಗಳಲ್ಲಿ, ವಿನ್ಯಾಸಕ್ಕಾಗಿ ಮಾಡಿದ ಎಫ್‌ಇಎಯ ಮೆಶ್ ಒರಟಾಗಿತ್ತು. ಎಲಿಮೆಂಟ್‌ಗಳ ಆಕಾರವೂ ಸೊಟ್ಟಗಿತ್ತು. ಇದರಿಂದ ಷಿಯರ್ ಸ್ಟ್ರೆಸ್ 47 ಪ್ರತಿಶತ ಕಡಿಮೆ ಅಂದಾಜಾಗಿತ್ತು, ಅಲ್ಲಿಯ ಕಬ್ಬಿಣದ ಸರಳುಗಳ ಜೋಡಣೆಯೂ ಸಾಲದಾಗಿತ್ತು. ಅಪಘಾತದ ನಂತರ ಹೆಚ್ಚು ಎಚ್ಚರಿಕೆಯಿಂದ ಮಾಡಿದ ವಿಶ್ಲೇಷಣೆ 62 ಮೀಟರ್ ಆಳದಲ್ಲಿ ಗೋಡೆ ಒಡೆಯುತ್ತದೆ ಎಂದು ಹೇಳಿತು. ನಿಜವಾಗಿ ಒಡೆದದ್ದು 65 ಮೀಟರ್‌ನಲ್ಲಿ.

ನಿಮ್ಮದು ಇಲ್ಲದ ಸ್ಟ್ರೆಸ್ ಕಾಣಿಸಿಕೊಂಡ ಪ್ರಸಂಗ, ಅವರದು ಇರುವ ಸ್ಟ್ರೆಸ್ ಕಾಣದೆ ಹೋದ ಪ್ರಸಂಗ. ಮೆಶ್ ಬದಲಿಸಿ ಮತ್ತೆ ಮತ್ತೆ ನೋಡುವ ನಿಮ್ಮ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ.

ಪೀಣ್ಯ_ವಿನ್ಯಾಸ ಅವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ವಾರ ಸಂಜೆಯ ಹೊತ್ತು ಕುಳಿತು ಇವನ್ನೆಲ್ಲ ಮಾಡಿದೆ. ಶಾಪ್‌ನಲ್ಲಿ ಬ್ರಾಕೆಟ್‌ಗೆ ರೇಡಿಯಸ್ ಗೇಜ್ ಹಿಡಿದು ನೋಡಿದಾಗ ಒಳತ್ರಿಜ್ಯ 8 ಮಿ.ಮೀ. ಇತ್ತು. ಅದನ್ನು ಸೇರಿಸಿದ ಮೇಲೆ ಸ್ಟ್ರೆಸ್ 70, 73 ಎಂದು ಬಂದು, ಆಮೇಲೆ ಮೆಶ್ ಎಷ್ಟು ಸಣ್ಣದು ಮಾಡಿದರೂ 73ರ ಆಸುಪಾಸಿನಲ್ಲೇ ನಿಂತಿತು. ಕ್ಯಾಂಟಿಲಿವರ್‌ನಲ್ಲಿ 20 ಮಿ.ಮೀ. ಗಾತ್ರದ ನಾಲ್ಕು ನೋಡ್‌ಗಳ ಎಲಿಮೆಂಟ್‌ಗಳು ಕೇವಲ 0.9 ಮಿ.ಮೀ. ಬಾಗುವಿಕೆ ಕೊಟ್ಟವು, ಅದೇ ಗಾತ್ರದ ಹತ್ತು ನೋಡ್‌ಗಳವು 1.56 ಕೊಟ್ಟವು. ಇಷ್ಟು ದಿನ ಕಳುಹಿಸಿದ ವರದಿಗಳಲ್ಲಿ ಯಾವ ಎಲಿಮೆಂಟ್ ಬಳಸಿದ್ದೆ ಎಂದು ಈಗ ಒಂದೊಂದನ್ನೇ ತೆರೆದು ನೋಡುತ್ತಿದ್ದೇನೆ.

ಒಂದು ಸಂದೇಹ ಉಳಿದಿದೆ. ನಿಂತ ಭಾಗದ ಇಡೀ ಹಿಂಬದಿಯನ್ನು ಸ್ಥಿರಗೊಳಿಸಿದ್ದು ಸರಿಯೇ? ನಿಜದಲ್ಲಿ ಅದು ಎರಡು ಬೋಲ್ಟ್‌ಗಳ ಮೇಲೆ ನಿಂತಿದೆ.

ವಿಶ್ಲೇಷಕ_ಮೈಸೂರು ಅವರ ಉತ್ತರ

ಎರಡು ಮಾಡೆಲ್ ಮಾಡಿ: ಒಂದರಲ್ಲಿ ಈಗಿನಂತೆ ಇಡೀ ಹಿಂಬದಿ ಸ್ಥಿರ, ಇನ್ನೊಂದರಲ್ಲಿ ಬೋಲ್ಟ್ ರಂಧ್ರಗಳ ಒಳಮೈ ಮಾತ್ರ ಸ್ಥಿರ. ಮೊದಲನೆಯದು ನಿಜಕ್ಕಿಂತ ಬಿರುಸು. ಎರಡನೆಯದರಲ್ಲಿ ಗೋಡೆಯ ಒತ್ತಾಸೆಯೇ ಇಲ್ಲದ್ದರಿಂದ ಅದು ಸಾಮಾನ್ಯವಾಗಿ ಹೆಚ್ಚು ಸಡಿಲ. ಬಾಗಿದ ಜಾಗದ ಸ್ಟ್ರೆಸ್ ಎರಡರಲ್ಲೂ ಹತ್ತಿರ ಹತ್ತಿರ ಬಂದರೆ ವರದಿಗೆ ಅಷ್ಟು ಸಾಕು. ದೂರವಾದರೆ ಗೋಡೆ ಮತ್ತು ಪಟ್ಟಿಯ ನಡುವೆ ಕಾಂಟ್ಯಾಕ್ಟ್ ಹಾಕಿ, ಬೋಲ್ಟ್‌ನ ಬಿಗಿತವನ್ನೂ ಸೇರಿಸಬೇಕಾಗುತ್ತದೆ. ಯಾವುದನ್ನು ಮಾಡಿದರೂ ಆಧಾರಗಳ ಪ್ರತಿಕ್ರಿಯೆಗಳನ್ನು ಕೂಡಿಸಿ 500 ನ್ಯೂಟನ್ ಬರುತ್ತದೆಯೇ ಎಂದು ಮೊದಲು ನೋಡಿ, ನಂತರ ಬಣ್ಣದ ಚಿತ್ರವನ್ನು ತೆರೆಯಿರಿ.