4 ಜಿಬಿ ಮೆಮೊರಿಯ ಲ್ಯಾಪ್‌ಟಾಪ್‌ಗೆ ಯಾವ ಕೋಡ್ ಎಡಿಟರ್ ಹಗುರ?

ಪ್ರಶ್ನೆ, ಕಲಬುರಗಿಯಿಂದ: ಹಳೇ ಲ್ಯಾಪ್‌ಟಾಪ್ ಅಣ್ಣಾ. ಕೋಡ್ ಬರೆಯೋ ಎಡಿಟರ್ ಜೊತೆ ಬ್ರೌಸರ್ ತೆರೆದರೆ ಸಾಕು, ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತೆ. ಈ ಬಿಸಿಲಿಗೆ ಫ್ಯಾನ್ ಬೇರೆ ಒಂದೇ ಸಮ ಕೂಗುತ್ತೆ. ಏನು ಹಾಕಲಿ?

ಬೀದರ್‌ನಿಂದ: ವಿಎಸ್ ಕೋಡ್ ಅನ್ನೋ ಎಡಿಟರ್ ಎಲೆಕ್ಟ್ರಾನ್ (ವೆಬ್ ತಂತ್ರಜ್ಞಾನದಿಂದ ಆ್ಯಪ್ ಕಟ್ಟೋ ಚೌಕಟ್ಟು) ಮೇಲೆ ನಿಂತಿದೆ, ಅಂದ್ರೆ ಒಳಗೆ ಕ್ರೋಮಿಯಂ ಬ್ರೌಸರ್ ಓಡ್ತಿರುತ್ತೆ, ಹಾಗಾಗಿ ಮೆಮೊರಿ ಜಾಸ್ತಿ ಬೇಕೇ ಬೇಕು. ಸಬ್ಲೈಮ್ ಟೆಕ್ಸ್ಟ್ ನೋಡು ತಮ್ಮಾ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದದ್ದು, ಒಳಗೆ ಬ್ರೌಸರ್ ಇಲ್ಲ, ದೊಡ್ಡ ಲಾಗ್ ಫೈಲ್ ಕೂಡ ಸಲೀಸಾಗಿ ತೆರೆಯುತ್ತೆ.

ಯಾದಗಿರಿಯಿಂದ: ಸುಮ್ನೆ ಬದಲಾಯಿಸಬೇಡ. ವಿಎಸ್ ಕೋಡ್ ಆದ್ರೆ ಮೊದಲು ಕಮಾಂಡ್ ಪ್ಯಾಲೆಟ್‌ನಿಂದ (ಆಜ್ಞೆ ಹುಡುಕಿ ಓಡಿಸೋ ಪೆಟ್ಟಿಗೆ) ಎಕ್ಸ್‌ಟೆನ್ಷನ್ ಬೈಸೆಕ್ಟ್ ಓಡಿಸು, ಅದು ಎಕ್ಸ್‌ಟೆನ್ಷನ್‌ಗಳನ್ನ, ಅಂದ್ರೆ ನೀನು ಸೇರಿಸಿಕೊಂಡ ಹೆಚ್ಚುವರಿ ಭಾಗಗಳನ್ನ, ಅರ್ಧರ್ಧ ಆಫ್ ಮಾಡ್ತಾ ಹೋಗಿ ತೊಂದರೆ ಕೊಡೋದನ್ನ ಹಿಡಿದುಕೊಡುತ್ತೆ.

ಇನ್ನೊಬ್ಬರು: ಟರ್ಮಿನಲ್‌ನಲ್ಲಿ ಓಡೋ ನಿಯೋವಿಮ್ ಎಡಿಟರ್ ಕಲಿ, ನಿಜಕ್ಕೂ ಹಗುರ. ಆದ್ರೆ ಕೋಡ್‌ನ ತಪ್ಪು ತೋರಿಸಿ, ಸಲಹೆ ಕೊಡೋ ಲ್ಯಾಂಗ್ವೇಜ್ ಸರ್ವರ್ ಬೇರೆ ಪ್ರೋಗ್ರಾಂ, ಅದು ಯಾವ ಎಡಿಟರ್‌ನಲ್ಲಿದ್ರೂ ಮೆಮೊರಿ ತಿನ್ನುತ್ತೆ. ಆಗೋದಾದ್ರೆ ಮೆಮೊರಿನೇ 8 ಜಿಬಿ ಮಾಡಿಸಿಬಿಡು.